ಪರ್ಲ್ ಜ್ಯಾಮ್‌ನ ‘ಟೆನ್’: 1991ರದ್ದು ಕೇಳಬೇಕಾ, 2009ರ ರೀಮಿಕ್ಸ್ ಕೇಳಬೇಕಾ?

ಸಂಜೆ_ಬಸ್ಸು

ಎಲ್ಲರಿಗೂ ನಮಸ್ಕಾರ. ಅಮೆರಿಕದ ರಾಕ್ ಬ್ಯಾಂಡ್ ಪರ್ಲ್ ಜ್ಯಾಮ್‌ನ ಮೊದಲ ಆಲ್ಬಂ ‘ಟೆನ್’ ಅನ್ನು ಎರಡು ವಾರದಿಂದ ಬಸ್ಸಿನಲ್ಲಿ ಹೋಗುವಾಗ ಬರುವಾಗ ಕೇಳುತ್ತಿದ್ದೇನೆ. ಮೊದಲು ‘ಅಲೈವ್’ ಮತ್ತು ‘ಜೆರೆಮಿ’ ಮಾತ್ರ ಗೊತ್ತಿತ್ತು. ಹನ್ನೊಂದು ಹಾಡನ್ನೂ ಸಾಲಾಗಿ ಕೇಳಿದ್ದು ಈಗಲೇ. ಬಿಡುವುದಕ್ಕೇ ಆಗುತ್ತಿಲ್ಲ.

ಪ್ರಶ್ನೆ ಏನಂದರೆ, ಇಡೀ ಆಲ್ಬಂ ಯಾರೂ ಇಲ್ಲದ ಕಲ್ಯಾಣ ಮಂಟಪದಲ್ಲಿ ನುಡಿಸಿದ ಹಾಗೆ ಕೇಳುತ್ತದೆ. ಡ್ರಮ್ಸ್‌ನ ಪ್ರತಿ ಹೊಡೆತದ ಹಿಂದೆ ಒಂದು ಬಾಲ ಇರುತ್ತದೆ. ಎಡ್ಡಿ ವೆಡ್ಡರ್ ಆ ಕಡೆ ಗೋಡೆ ಹತ್ತಿರ ಎಲ್ಲೋ ನಿಂತು ಹಾಡುತ್ತಿದ್ದಾರೆ ಅನ್ನಿಸುತ್ತದೆ. ನನ್ನ ಇಯರ್‌ಫೋನ್ ಕೆಟ್ಟಿರಬೇಕು ಅಂದುಕೊಂಡು ತಮ್ಮನದ್ದು ಹಾಕಿ ನೋಡಿದೆ, ಹಾಗೇ ಇದೆ. ಆಮೇಲೆ ನೋಡಿದರೆ ಆ್ಯಪ್‌ನಲ್ಲಿ 2009ರ ರೀಮಿಕ್ಸ್ ಅಂತ ಬೇರೆಯೇ ಒಂದು ಇದೆ. ಅದರಲ್ಲಿ ದನಿ ಪಕ್ಕದ ಸೀಟಿನಿಂದ ಬಂದಷ್ಟು ಹತ್ತಿರ. ಎರಡು ಗಿಟಾರೂ ಬೇರೆ ಬೇರೆಯಾಗಿ ಕೇಳುತ್ತವೆ. ಆದರೂ ‘ಬ್ಲ್ಯಾಕ್’ ಹಾಡಿನ ಕೊನೆ ಬಂದಾಗ ಗಂಟಲು ಕಟ್ಟುವುದು ಹಳೆಯದರಲ್ಲೇ.

ಒಂದೇ ಹಾಡು, ಅದೇ ಜನ. ಮತ್ತೆ ಯಾಕೆ ಇಷ್ಟು ಬೇರೆ? ಹೊಸದಾಗಿ ಕೇಳುವವರು ಯಾವುದರಿಂದ ಶುರು ಮಾಡಬೇಕು?

ಮಿಕ್ಸರ್_ಮೇಜು

ನಿಮ್ಮ ಇಯರ್‌ಫೋನ್ ಸರಿಯಾಗಿದೆ, ಕಿವಿ ಇನ್ನೂ ಚೆನ್ನಾಗಿದೆ. ನೀವು ಹೇಳುತ್ತಿರುವ ಆ ಬಾಲಕ್ಕೆ ರಿವರ್ಬ್ ಅನ್ನುತ್ತಾರೆ.

ನಾನು ಹದಿನೆಂಟು ವರ್ಷದಿಂದ ಆರ್ಕೆಸ್ಟ್ರಾಗಳಿಗೆ ಸೌಂಡ್ ಮಾಡುತ್ತಿದ್ದೇನೆ. ಈ ಆಲ್ಬಂ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಸಾಕಾಗುವುದಿಲ್ಲ. ರೆಕಾರ್ಡಿಂಗ್ ಆಗಿದ್ದು 1991ರ ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ, ಸುಮಾರು ಒಂದು ತಿಂಗಳು. ಸ್ಟುಡಿಯೊ ಹೆಸರು ಲಂಡನ್ ಬ್ರಿಡ್ಜ್, ಆದರೆ ಇರುವುದು ಸಿಯಾಟಲ್ ಪಕ್ಕದ ಶೋರ್‌ಲೈನ್‌ನಲ್ಲಿ. ಬ್ಯಾಂಡ್ ಜೊತೆ ಪ್ರೊಡ್ಯೂಸ್ ಮಾಡಿದ್ದು ರಿಕ್ ಪರಾಶರ್. ಮಿಕ್ಸಿಂಗ್‌ಗೆ, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಜೋಡಿಸುವುದಕ್ಕೆ ಮಾತ್ರ ಟೇಪ್ ತೆಗೆದುಕೊಂಡು ಜೂನ್‌ನಲ್ಲಿ ಇಂಗ್ಲೆಂಡಿಗೆ ಹೋದರು. ಡಾರ್ಕಿಂಗ್ ಅಂತ ಊರು, ಅಲ್ಲಿ ರಿಡ್ಜ್ ಫಾರ್ಮ್ ಸ್ಟುಡಿಯೊ. ಮಿಕ್ಸ್ ಮಾಡಿದವರು ಟಿಮ್ ಪಾಮರ್. ಊರಿಂದ ದೂರ ಇದ್ದ ಜಾಗ ಅದು, ಬೇಕಾದ ವಾದ್ಯ ಬಾಡಿಗೆಗೆ ತರೋಣ ಅಂದರೆ ಅಂಗಡಿ ಹತ್ತಿರದಲ್ಲಿಲ್ಲ. ‘ಓಷನ್ಸ್’ ಹಾಡಿಗೆ ತಾಳದ ಸದ್ದು ಬೇಕಾದಾಗ ಪಾಮರ್ ಕಾಳುಮೆಣಸಿನ ಡಬ್ಬಿ ಅಲ್ಲಾಡಿಸಿದರು, ಬೆಂಕಿ ಆರಿಸುವ ಸಿಲಿಂಡರ್ ಮೇಲೆ ಬಡಿದರು. ಆಲ್ಬಂನ ಒಳಹಾಳೆಯಲ್ಲಿ ಆ ಎರಡರ ಹೆಸರೂ ಅಚ್ಚಾಗಿದೆ. ಇವತ್ತು ಇಯರ್‌ಫೋನ್ ಹಾಕಿಕೊಂಡು ಆ ಹಾಡು ಕೇಳಿ, ಸಿಗುತ್ತದೆ.

ಈಗ ದೂರದ ವಿಷಯ. ಕಲ್ಲಿನ ಮಂಟಪದಲ್ಲಿ ಚಪ್ಪಾಳೆ ತಟ್ಟಿದರೆ ಮೊದಲು ನೇರ ಸದ್ದು ಬರುತ್ತದೆ, ಆಮೇಲೆ ಗೋಡೆಗೆ ಬಡಿದು ವಾಪಸ್ ಬಂದ ಸದ್ದು. ನೇರ ಸದ್ದು ಜಾಸ್ತಿ ಇದ್ದರೆ ಹತ್ತಿರ, ವಾಪಸ್ ಬಂದದ್ದು ಜಾಸ್ತಿ ಇದ್ದರೆ ದೂರ. ಕಿವಿ ಹೀಗೇ ಲೆಕ್ಕ ಹಾಕುತ್ತದೆ. ಮಿಕ್ಸ್ ಮಾಡುವವರು ಆ ವಾಪಸ್ ಬಂದ ಸದ್ದನ್ನು ಯಂತ್ರದಿಂದ ಸೇರಿಸುತ್ತಾರೆ. ಎಂಬತ್ತರ ದಶಕದಲ್ಲಿ ಅದನ್ನು ಧಾರಾಳವಾಗಿ ಸುರಿಯುವುದು ರೂಢಿಯಾಗಿತ್ತು, ಆ ರುಚಿ 1991ರಲ್ಲೂ ಹೋಗಿರಲಿಲ್ಲ. ಹಾಗೆ ಸುರಿದಾಗ ಏನಾಗುತ್ತದೆ ಅಂದರೆ ಡ್ರಮ್ಸ್ ದೊಡ್ಡದಾಗುತ್ತದೆ, ಆದರೆ ಅದರ ಬಾಲ ಬೇಸ್ ಗಿಟಾರಿನ ಜಾಗವನ್ನು ತಿಂದುಹಾಕುತ್ತದೆ, ಎರಡು ಗಿಟಾರ್ ಒಂದರೊಳಗೊಂದು ಕಲಸಿಹೋಗುತ್ತವೆ.

ಬ್ಯಾಂಡ್‌ನವರಿಗೇ ಇದು ಚುಚ್ಚುತ್ತಿತ್ತು. ಆ ರಿವರ್ಬ್ ಸ್ವಲ್ಪ ತೆಗೆದು ಮತ್ತೆ ಮಿಕ್ಸ್ ಮಾಡಬೇಕು ಅಂತ ಬೇಸ್ ವಾದಕ ಜೆಫ್ ಅಮೆಂಟ್ ಹೇಳಿಕೊಂಡಿದ್ದರು. 1993ರ ಎರಡನೇ ಆಲ್ಬಂನಿಂದ ಅವರ ಜೊತೆ ಕೆಲಸ ಮಾಡಿದ ಬ್ರೆಂಡನ್ ಓಬ್ರಯನ್ ಕೊನೆಗೆ ಆ ಕೆಲಸ ಮಾಡಿದರು. ಅದೇ ನಿಮಗೆ ಸಿಕ್ಕಿದ 2009ರದ್ದು. ಹಾಡಿದ್ದು, ನುಡಿಸಿದ್ದು ಅದೇ ಟೇಪ್, ಜೋಡಿಸಿದ ಕೈ ಮಾತ್ರ ಬೇರೆ.

ನನ್ನ ಸಲಹೆ: 2009ರದ್ದರಿಂದ ಶುರು ಮಾಡಿ. ಐದು ಜನ ಏನು ನುಡಿಸಿದರು ಅನ್ನುವುದು ಅದರಲ್ಲೇ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಹಳೇ_ಕ್ಯಾಸೆಟ್

ಮಿಕ್ಸರ್ ಅವರೇ, ವಿವರಣೆ ತುಂಬಾ ಚೆನ್ನಾಗಿದೆ. ಕೊನೆಯ ಸಲಹೆ ಮಾತ್ರ ನಾನು ಒಪ್ಪುವುದಿಲ್ಲ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರಿಂದ ಕ್ಯಾಸೆಟ್ ತಂದು ಕಾಪಿ ಮಾಡಿಕೊಂಡು ಟೇಪ್ ಸವೆಯುವವರೆಗೆ ಕೇಳಿದವನು ನಾನು. ಸುಮ್ನೆ ಹಳೆಯದರ ಮೇಲಿನ ಪ್ರೀತಿಯಿಂದ ಹೇಳುತ್ತಿಲ್ಲ, ಕಾರಣ ಇದೆ.

ಈ ಆಲ್ಬಂ ಹಿಂದೆ ಒಂದು ಸಾವಿದೆ. ಗಿಟಾರ್ ವಾದಕ ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್ ಇಬ್ಬರೂ ಮೊದಲು ಮದರ್ ಲವ್ ಬೋನ್ ಅನ್ನುವ ಬ್ಯಾಂಡ್‌ನಲ್ಲಿದ್ದರು. ಅವರ ಮೊದಲ ಆಲ್ಬಂ ಇನ್ನೇನು ಬರಬೇಕು, ಅಷ್ಟರಲ್ಲಿ 1990ರ ಮಾರ್ಚ್‌ನಲ್ಲಿ ಗಾಯಕ ಆ್ಯಂಡ್ರೂ ವುಡ್ ಹೆರಾಯಿನ್ ಜಾಸ್ತಿಯಾಗಿ ತೀರಿಕೊಂಡ. ವಯಸ್ಸು 24. ಬ್ಯಾಂಡ್ ಅಲ್ಲಿಗೇ ಮುಗಿಯಿತು. ಸ್ವಲ್ಪ ದಿನ ಕಳೆದು ಗೊಸಾರ್ಡ್, ಇನ್ನೊಬ್ಬ ಗಿಟಾರ್ ವಾದಕ ಮೈಕ್ ಮೆಕ್‌ಕ್ರೆಡಿ, ಅಮೆಂಟ್ ಸೇರಿ ಬರೀ ಸಂಗೀತದ ಡೆಮೊ ಟೇಪ್ ಮಾಡಿದರು. ಹಾಡುವವರು ಯಾರೂ ಇರಲಿಲ್ಲ.

ಆ ಟೇಪ್ ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್‌ನ ಹಿಂದಿನ ಡ್ರಮ್ಮರ್ ಜ್ಯಾಕ್ ಐರನ್ಸ್ ಕೈಯಿಂದ ಸ್ಯಾನ್ ಡಿಯೆಗೊದ ಒಬ್ಬ ಹುಡುಗನಿಗೆ ಸೇರಿತು. ಅವನೇ ಎಡ್ಡಿ ವೆಡ್ಡರ್. ರಾತ್ರಿ ಪಾಳಿಯ ಕೆಲಸದವನು. ಟೇಪ್ ಕೇಳಿದ, ಸಮುದ್ರಕ್ಕೆ ಹೋಗಿ ಅಲೆಗಳ ಮೇಲೆ ಸರ್ಫಿಂಗ್ ಮಾಡಿದ, ತಲೆಯಲ್ಲಿ ಮೂರು ಹಾಡಿನ ಮಾತು ಹುಟ್ಟಿದವು, ಮನೆಗೆ ಬಂದು ದನಿ ಸೇರಿಸಿ ಟೇಪ್ ವಾಪಸ್ ಕಳಿಸಿದ. ‘ಅಲೈವ್’, ‘ವನ್ಸ್’, ‘ಫುಟ್‌ಸ್ಟೆಪ್ಸ್’. ಮೂರೂ ಸೇರಿ ಒಂದೇ ಕಥೆ. ಮೊದಲನೆಯದರಲ್ಲಿ, ಅಪ್ಪ ಅಂದುಕೊಂಡಿದ್ದವನು ನಿಜವಾದ ಅಪ್ಪ ಅಲ್ಲ, ನಿಜವಾದವನು ಸತ್ತುಹೋಗಿದ್ದಾನೆ ಅಂತ ತಾಯಿ ಮಗನಿಗೆ ಹೇಳುತ್ತಾಳೆ. ಇಷ್ಟು ವೆಡ್ಡರ್‌ನ ಸ್ವಂತ ಬದುಕು. ಮುಂದಿನದು ಕಲ್ಪನೆ: ಎರಡನೆಯದರಲ್ಲಿ ಆ ಹುಡುಗ ಕೊಲೆಗಾರನಾಗುತ್ತಾನೆ, ಮೂರನೆಯದರಲ್ಲಿ ಜೈಲಿನಲ್ಲಿ ಕೂತು ಸಾವಿಗೆ ಕಾಯುತ್ತಾನೆ. ಮೂರನೇ ಹಾಡು ಆಲ್ಬಂನಲ್ಲಿ ಇಲ್ಲ, ‘ಜೆರೆಮಿ’ ಹಾಡನ್ನು ಬಿಡಿಯಾಗಿ ಬಿಟ್ಟ ಸಿಂಗಲ್‌ನ ಹಿಂಬದಿಯಲ್ಲಿ ಬಂತು. ಆಲ್ಬಂನಲ್ಲಿ ಕ್ರಮವೂ ತಿರುಗುಮುರುಗು. ಹಾಗಾಗಿ ಬಹಳ ಜನಕ್ಕೆ ಈ ಕಥೆಯೇ ಗೊತ್ತಾಗುವುದಿಲ್ಲ. ನನಗೂ ಎಷ್ಟೋ ವರ್ಷ ಗೊತ್ತಿರಲಿಲ್ಲ.

ಅಕ್ಟೋಬರ್ 1990ರಲ್ಲಿ ವೆಡ್ಡರ್ ಸಿಯಾಟಲ್‌ಗೆ ಬಂದ. ಸುಮಾರು ಒಂದು ವಾರ ಅಭ್ಯಾಸ ಮಾಡಿ 22ನೇ ತಾರೀಕು ಮೊದಲ ಕಾರ್ಯಕ್ರಮ ಕೊಟ್ಟೇಬಿಟ್ಟರು. ಆಗ ಬ್ಯಾಂಡ್ ಹೆಸರು ಮೂಕಿ ಬ್ಲೇಲಾಕ್, ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಹೆಸರು. ಆಮೇಲೆ ಹೆಸರು ಬದಲಾಯಿಸಿದರು, ಅವನ ಜರ್ಸಿಯ ನಂಬರ್ 10 ಮಾತ್ರ ಆಲ್ಬಂನ ಹೆಸರಾಗಿ ಉಳಿಯಿತು.

ಈಗ ನೋಡಿ. ಸತ್ತ ಗೆಳೆಯನ ಜಾಗದಲ್ಲಿ, ದೂರದ ಊರಿನಿಂದ, ಟೇಪ್ ಮೂಲಕ ಬಂದ ದನಿ ಇದು. ಆ ದನಿ ನನ್ನ ಪಕ್ಕದ ಸೀಟಿನಲ್ಲಿ ಕೂತರೆ ನನಗೆ ಆಗಿಬರುವುದಿಲ್ಲ. ‘ರಿಲೀಸ್’ ಹಾಡಿನಲ್ಲಿ ಅವನು ಅಪ್ಪನನ್ನು ಕರೆಯುತ್ತಾನೆ ಅಲ್ವಾ? ಸತ್ತವರನ್ನು ಕರೆಯುವಾಗ ದನಿ ಖಾಲಿ ಜಾಗದಲ್ಲೇ ಹೋಗಬೇಕು. ಪಾಮರ್ ಇದನ್ನೆಲ್ಲ ಯೋಚಿಸಿ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಅಮೆರಿಕ ಒಂದರಲ್ಲೇ 1 ಕೋಟಿ 30 ಲಕ್ಷ ಪ್ರತಿಗಳ ಲೆಕ್ಕಕ್ಕೆ ಮುಟ್ಟಿದ್ದು, ಜನ ಎದೆಗೆ ಹಚ್ಚಿಕೊಂಡಿದ್ದು ಆ ಮಿಕ್ಸ್ ಅನ್ನೇ. ಮೊದಲು ಅದನ್ನೇ ಕೇಳಿ.

ನಾಲ್ಕು_ತಂತಿ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ನಾನು ಬೇಸ್ ನುಡಿಸುವವಳು, ಈ ವಿಷಯದಲ್ಲಿ ಮಿಕ್ಸರ್ ಅಣ್ಣನ ಪಕ್ಷ. ಈ ಹಾಡುಗಳನ್ನು ಕಲಿಯುವಾಗ ಹಳೆಯ ಮಿಕ್ಸ್‌ನಲ್ಲಿ ಅಮೆಂಟ್ ಅವರ ಬೆರಳು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. 2009ರದ್ದು ಹಾಕಿದ ಮೇಲೆ ಒಂದೇ ವಾರದಲ್ಲಿ ‘ಈವನ್ ಫ್ಲೋ’ ಕೈಗೆ ಬಂತು. ‘ಜೆರೆಮಿ’ ಶುರುವಿನಲ್ಲಿ ಗಂಟೆಯ ಹಾಗೆ ಮೊಳಗುವುದು ಗಿಟಾರ್ ಅಲ್ಲ, ಹನ್ನೆರಡು ತಂತಿಯ ಬೇಸ್. ಅದನ್ನು ಮೊದಲ ಸಲ ಬಿಡಿಸಿ ಕೇಳಿದ ದಿನ ನಾನು ಕೆಲಸಕ್ಕೆ ಲೇಟಾಗಿ ಹೋದೆ.

ಇನ್ನೊಂದು ಮಾತು. ಡ್ರಮ್ಮರ್ ಹೆಸರು ಯಾರೂ ಹೇಳಲೇ ಇಲ್ಲ! ಡೇವ್ ಕ್ರೂಸನ್. ರೆಕಾರ್ಡಿಂಗ್ ಮುಗಿದ ಕೂಡಲೇ ಕುಡಿತದ ಚಿಕಿತ್ಸೆಗಾಗಿ ಬ್ಯಾಂಡ್ ಬಿಟ್ಟರು, ಆಗಸ್ಟ್‌ನಲ್ಲಿ ಆಲ್ಬಂ ಬಂದಾಗ ಅವರು ಬ್ಯಾಂಡ್‌ನಲ್ಲಿರಲಿಲ್ಲ. 2017ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಪರ್ಲ್ ಜ್ಯಾಮ್ ಸೇರಿದಾಗ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ನನಗೆ ತುಂಬಾ ಸಮಾಧಾನವಾಯಿತು.

‘ಬ್ಲ್ಯಾಕ್’ ಇಷ್ಟ ಅಂದಿರಲ್ಲ, ಅದನ್ನು ಸಿಂಗಲ್ ಮಾಡೋಣ ಅಂತ ಕಂಪನಿ ಒತ್ತಾಯ ಮಾಡಿದರೂ ಬ್ಯಾಂಡ್ ಒಪ್ಪಲಿಲ್ಲ. ತೀರಾ ಮನಸ್ಸಿನ ಹಾಡು ಅದು, ಮಾರುವುದು ಬೇಡ ಅಂದರು. 1992ರ ಎಂಟಿವಿ ಅನ್‌ಪ್ಲಗ್ಡ್ ಅನ್ನುವ ಟಿವಿ ಕಾರ್ಯಕ್ರಮದಲ್ಲಿ ಅದೇ ಹಾಡಿದೆ. ಅಲ್ಲಿ ರಿವರ್ಬ್ ಜಗಳವೇ ಇಲ್ಲ, ಅದನ್ನು ಖಂಡಿತ ನೋಡಿ.

ಸಂಜೆ_ಬಸ್ಸು

ಮೂವರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ನೀವು ಹೇಳಿದ ಹಾಗೆ ಕೇಳಿದೆ.

ಮೊದಲು ‘ಅಲೈವ್’, ಆಮೇಲೆ ‘ವನ್ಸ್’, ಆಮೇಲೆ ‘ಫುಟ್‌ಸ್ಟೆಪ್ಸ್’ ಹುಡುಕಿ ಹಾಕಿದೆ. ‘ಅಲೈವ್’ ಅನ್ನು ಇಷ್ಟು ದಿನ ಗೆಲುವಿನ ಹಾಡು ಅಂದುಕೊಂಡು ಬೆಳಗ್ಗೆ ಹುರುಪಿಗೆ ಹಾಕಿಕೊಳ್ಳುತ್ತಿದ್ದೆ. ಈಗ ಹಾಗೆ ಕೇಳಲು ಆಗುತ್ತಿಲ್ಲ, ಆದರೆ ಹಾಡು ಇನ್ನೂ ಜಾಸ್ತಿ ಹತ್ತಿರವಾಗಿದೆ. ಕಾಳುಮೆಣಸಿನ ಡಬ್ಬಿ ಸಿಕ್ಕಿತು! ‘ಈವನ್ ಫ್ಲೋ’ ಮತ್ತು ‘ಪೋರ್ಚ್’ ನನಗೆ 2009ರದ್ದೇ ಬೇಕು. ‘ಬ್ಲ್ಯಾಕ್’, ‘ಓಷನ್ಸ್’, ‘ರಿಲೀಸ್’ 1991ರದ್ದು. ಹಳೇ ಕ್ಯಾಸೆಟ್ ಅವರೇ, ಹೋದ ವರ್ಷ ನಮ್ಮಪ್ಪ ತೀರಿಕೊಂಡರು. ‘ರಿಲೀಸ್’ ಬಗ್ಗೆ ನೀವು ಬರೆದ ಸಾಲನ್ನು ಬಸ್ಸಿನಲ್ಲಿ ಮೂರು ಸಲ ಓದಿದೆ.

ಇನ್ನೊಂದು ವಿಷಯ ಸಿಕ್ಕಿತು, ನಿಮಗೆಲ್ಲ ಗೊತ್ತಿರಬಹುದು. ‘ರಿಲೀಸ್’ ಮುಗಿದು ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ ಬೇಸ್‌ನ ಒಂದು ಸಣ್ಣ ತುಣುಕು ಬರುತ್ತದೆ. ಆಲ್ಬಂ ಶುರುವಾಗುವುದೂ ಅದೇ ತುಣುಕಿನಿಂದ. ನಿನ್ನೆ ರಿಪೀಟ್ ಹಾಕಿದ್ದೆ. ಮುಗಿದದ್ದು ಎಲ್ಲಿ, ಶುರುವಾದದ್ದು ಎಲ್ಲಿ ಅಂತ ಗೊತ್ತಾಗದೆ ಮತ್ತೆ ‘ವನ್ಸ್’ಗೆ ಬಂದಿದ್ದೆ, ನನ್ನ ಸ್ಟಾಪ್ ಎರಡು ಸ್ಟಾಪ್ ಹಿಂದೆ ಹೋಗಿತ್ತು.