ಮಳೆಗಾಲದಲ್ಲಿ ಬೈನಾಕ್ಯುಲರ್ ಕಾಪಾಡೋದು ಹೇಗೆ?

ಪ್ರಶ್ನೆ: ಮನೆ ತೀರ್ಥಹಳ್ಳಿ ಹತ್ತಿರ. ಹಕ್ಕಿ ನೋಡೋಕೆ ಅಂತ ಹೊಸ 8×42 (8 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ) ಬೈನಾಕ್ಯುಲರ್ ಕೊಂಡಿದ್ದೇನೆ. ಮಳೆ ಶುರುವಾಗಿದೆ. ಹೇಗೆ ಇಟ್ಟುಕೊಳ್ಳಬೇಕು? ಬಳಸಿದವರು ಹೇಳಿ.

ಸಾಗರದಿಂದ: ನಾನು ಕೆಡಿಸಿದ ಕತೆ ಕೇಳಿ. ಅಪ್ಪನ ಹಳೇ 10×50 ಅನ್ನು ಚರ್ಮದ ಚೀಲದ ಸಮೇತ ಬೀರುವಿನಲ್ಲಿ ಇಟ್ಟಿದ್ದೆ. ಗೌರಿ ಹಬ್ಬಕ್ಕೆ ತೆಗೆದರೆ ಬಲಗಡೆ ಗಾಜಿನೊಳಗೆ ಜೇಡರ ಬಲೆಯಂಥ ಬಿಳಿ ಎಳೆ. ಬೂಷ್ಟು! ಅದು ಗಾಜಿನ ಲೇಪವನ್ನೇ ತಿಂದುಹಾಕುತ್ತದೆ. ಆಮೇಲೆ ತೊಳೆಸಿದರೂ ಕಲೆ ಹೋಗಲಿಲ್ಲ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದೇ ಮುಳುವಾಯಿತು.

ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಹಿಡಿ ನೀಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು), ಬಟ್ಟೆಯಲ್ಲಿ ಕಟ್ಟಿ. ತೇವ ಕುಡಿದು ಗುಲಾಬಿ ಆದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ. ನೆನೆದು ಬಂದ ದಿನ ಮಾತ್ರ ನೇರ ಡಬ್ಬಿಗೆ ಹಾಕಬೇಡಿ. ರಾತ್ರಿಯಿಡೀ ಫ್ಯಾನ್ ಕೆಳಗೆ ಇರಲಿ. ಅಕ್ಕಿಯಲ್ಲಿ ಹೂತಿಡಿ ಅನ್ನುವವರಿದ್ದಾರೆ, ಕೇಳಬೇಡಿ. ಅಕ್ಕಿಯ ಹಿಟ್ಟು ಸಂದಿಸಂದಿಗೂ ಸೇರುತ್ತದೆ.

ಮೈಸೂರಿಂದ: ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ಮಾದರಿಯಾದರೆ ಒಳಗೆ ಅಷ್ಟು ಬೇಗ ಬೂಷ್ಟು ಬರಲ್ಲ. ಹೊರಗಿನ ಗಾಜಿಗೆ ಬರಬಹುದು. ನನ್ನ ಪ್ರಕಾರ ಮಳೆಗಿಂತ ಜಾಸ್ತಿ ಹಾಳು ಮಾಡೋದು ಅಂಗಿ ಚುಂಗು. ರಂಗನತಿಟ್ಟಿನ ದೋಣಿಯಲ್ಲಿ ನೋಡಿ, ಗಾಜು ಮಸುಕಾದ ತಕ್ಷಣ ಕೈ ಅಂಗಿಗೇ ಹೋಗುತ್ತದೆ. ಗಾಜಿನ ಮೇಲೆ ಕೂತ ಮಣ್ಣಿನ ಕಣ ಉಜ್ಜಿದಷ್ಟೂ ಗೀರು. ಮೊದಲು ರಬ್ಬರ್ ಬುಡ್ಡೆಯಿಂದ ಗಾಳಿ ಊದಿ, ಮೆತ್ತನೆ ಬ್ರಷ್ ಆಡಿಸಿ. ಕೊನೆಗೆ ಬಾಯಿಂದ ಆವಿ ಬಿಟ್ಟು ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತದೆ ಒರೆಸಿ. ಸುಮ್ನೆ ದಿನಾ ಒರೆಸೋದೂ ಬೇಡ. ಸ್ವಲ್ಪ ಧೂಳಿದ್ದರೆ ಹಕ್ಕಿ ಚೆನ್ನಾಗಿಯೇ ಕಾಣುತ್ತದೆ.

ಕಾರವಾರದಿಂದ: ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ, ಕೆಲವು ಕ್ರೀಮ್ ರಬ್ಬರನ್ನು ಅಂಟಂಟು ಮಾಡುತ್ತವೆ. ನನ್ನದು ಹಾಗೇ ಆಗಿದೆ. ಬಿದ್ದಮೇಲೆ ಒಂದೇ ಕಂಬ ಎರಡಾಗಿ ಕಂಡರೆ ಒಳಗಿನ ಪ್ರಿಸಮ್ (ಬೆಳಕು ತಿರುಗಿಸುವ ಗಾಜಿನ ತುಂಡು) ಸರಿದಿದೆ ಅಂತ ತಿಳಿಯಿರಿ. ಸ್ಕ್ರೂ ಬಿಚ್ಚೋ ಸಾಹಸ ಬೇಡ, ರಿಪೇರಿ ಗೊತ್ತಿದ್ದವರಿಗೇ ಕೊಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಚೀಲದಿಂದ ತೆಗೆದೆ. ಚೀಲಕ್ಕೆ ಆಗಲೇ ಮುಗ್ಗಲು ವಾಸನೆ. ಅಮ್ಮನ ಹಪ್ಪಳದ ಡಬ್ಬಿ ಕೇಳಿದ್ದೇನೆ, ಇನ್ನೂ ಒಪ್ಪಿಲ್ಲ.