ಮನೆಯಲ್ಲೇ ಪುಟ್ಟ ಸ್ಟೀಮ್ ಎಂಜಿನ್ ಕಟ್ಟಿದವರು ಇದ್ದೀರಾ? ಅನುಭವ ಹೇಳಿ

ಹೊಸಬ: ಒಂದು ಚಿಕ್ಕ ಲೇತ್ ಇದೆ, ಕಂಬದ ಡ್ರಿಲ್ ಇದೆ. ಮಿಲ್ಲಿಂಗ್ ಯಂತ್ರ ಇಲ್ಲ. ವಾರಕ್ಕೆ ನಾಲ್ಕೈದು ಗಂಟೆ ಬಿಡುವು. ಎರಕದ ಕಿಟ್ ತರಲೋ, ಹಿತ್ತಾಳೆ ಕಂಬಿಯಿಂದಲೇ ಕಡೆಯಲೋ? ಬಾಯ್ಲರ್ ಕೂಡ ನಾನೇ ಮಾಡಬಹುದಾ?

ಮೂರನೇ ಸಿಲಿಂಡರ್: ಹೆಸರು ನೋಡಿದರೇ ಗೊತ್ತಾಗುತ್ತದೆ. ನಾನು ಕಿಟ್ ತಂದೆ. ಸಿಲಿಂಡರ್ ನೆಟ್ಟಗೆ ನಿಂತ ಎಂಜಿನ್, 19 ಮಿಮೀ ಬೋರ್ (ಸಿಲಿಂಡರಿನ ಒಳ ವ್ಯಾಸ), ಸ್ಲೈಡ್ ವಾಲ್ವ್ (ಹಿಂದೆ ಮುಂದೆ ಜಾರಿ ಸ್ಟೀಮಿನ ದಾರಿ ತೆರೆದು ಮುಚ್ಚುವ ವಾಲ್ವ್). ಪೆಟ್ಟಿಗೆ ತೆರೆದ ದಿನ ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಎರಕದ ಕಬ್ಬಿಣದ ಮೇಲ್ಪದರ ಕಲ್ಲಿನ ಹಾಗಿತ್ತು. ನಾನು ಹುಷಾರಾಗಿ 0.1 ಮಿಮೀ ಕಟ್ ಕೊಟ್ಟೆ. ಟೂಲ್ ಕೊರೆಯಲೇ ಇಲ್ಲ, ಸುಮ್ನೆ ಉಜ್ಜಿ ಮೊಂಡಾಯಿತು. ಅದನ್ನು ಮಸೆದೆ, ಮತ್ತೆ ಮೊಂಡಾಯಿತು. ಮೂರು ಸಂಜೆ ಇದೇ ಕತೆ. ಕಾರ್ಬೈಡ್ ಟೂಲ್ ಹಾಕಿ ಒಂದೇ ಸಲಕ್ಕೆ 1 ಮಿಮೀ ಒಳಗೆ ಇಳಿಸಿದ ಮೇಲೆ ಬೆಣ್ಣೆಯ ಹಾಗೆ ಬಂತು. ಮೊದಲ ಸಿಲಿಂಡರ್ ಒಂದು ತುದಿಯಲ್ಲಿ ಅಗಲವಾಯಿತು. ಎರಡನೆಯದರಲ್ಲಿ ಬೋರ್ ಚೆನ್ನಾಗಿ ಬಂತು, ಆದರೆ ಸ್ಟೀಮ್ ಒಳಬರುವ ಪೋರ್ಟಿಗೂ (ಕಂಡಿಗೂ) ಹೊರಹೋಗುವ ಎಕ್ಸಾಸ್ಟ್ ಪೋರ್ಟಿಗೂ ನಡುವಿನ ತೆಳ್ಳಗಿನ ಗೋಡೆ ಕೊನೆಯ ಗಳಿಗೆಯಲ್ಲಿ ಮುರಿಯಿತು. ಮೂರನೆಯದಕ್ಕೆ ಒಟ್ಟು 46 ಗಂಟೆ. ಬರೆದಿಟ್ಟಿದ್ದೇನೆ.

ಖರ್ಚಿನ ಮಾತು ಕೇಳಲೇಬೇಡಿ. ನಾಲ್ಕು ದವಡೆಯ ಚಕ್, ವರ್ಟಿಕಲ್ ಸ್ಲೈಡ್, ಡಯಲ್ ಗೇಜ್, ರೀಮರ್, ಪುಟ್ಟ ಟ್ಯಾಪುಗಳ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಸೆಟ್ಟು. ಲೇತಿಗೆ ಕೊಟ್ಟಷ್ಟೇ ಮತ್ತೆ ಸುರಿದೆ. ಮನೆಯಲ್ಲಿ ಅರ್ಧ ಲೆಕ್ಕ ಮಾತ್ರ ಹೇಳಿದ್ದೇನೆ.

ಕೊನೆಗೆ ಗಾಳಿ ಕೊಟ್ಟೆ, ತಿರುಗಿತು. ಆದರೆ ಉಲ್ಟಾ! ವಾಲ್ವ್ ಓಡಿಸುವ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ 90 ಡಿಗ್ರಿಗೂ ಸ್ವಲ್ಪ ಜಾಸ್ತಿ ಮುಂದಿರಬೇಕಲ್ವಾ, ನಾನು ಅಷ್ಟೇ ಹಿಂದಕ್ಕೆ ಕೂರಿಸಿದ್ದೆ. ಆದರೂ ಕಿಟ್ಟೇ ತನ್ನಿ. ನಿಜವಾದ ಎಂಜಿನ್ ಅಂದರೆ ಅದು.

ತೂಗುಸಿಲಿಂಡರ್: ಹದಿನಾಲ್ಕು ತಿಂಗಳು! ನಂದು ಆರು ಭಾನುವಾರ. ಹಿತ್ತಾಳೆ ಕಂಬಿ, 10 ಮಿಮೀ ಬೋರ್, ಸಿಲಿಂಡರೇ ತೂಗಾಡುವ ಎಂಜಿನ್. ಎಕ್ಸೆಂಟ್ರಿಕ್ ಇಲ್ಲ, ವಾಲ್ವಿನ ಪೆಟ್ಟಿಗೆ ಇಲ್ಲ. ಸಿಲಿಂಡರಿನಲ್ಲಿ ಒಂದು ತೂತು, ಫ್ರೇಮಿನಲ್ಲಿ ಎರಡು. ಅಷ್ಟೇ.

ಅಷ್ಟೇ ಅಂದೆ, ಆದರೆ ಆ ಮೂರು ತೂತಿಗೆ ಎರಡು ಭಾನುವಾರ ಹೋಯಿತು. 2 ಮಿಮೀ ಬೇಕಿದ್ದ ಕಡೆ 2.5 ಕೊರೆದೆ. ಸಿಲಿಂಡರ್ ನೆಟ್ಟಗೆ ನಿಂತಾಗ ಅದರ ತೂತು ಫ್ರೇಮಿನ ಎರಡೂ ತೂತಿನ ಅಂಚಿಗೆ ತಾಗುತ್ತಿತ್ತು. ಒಳಗೆ ಬಂದ ಗಾಳಿ ಸೀದಾ ಹೊರಗೆ. ಹೊಸ ಫ್ರೇಮ್ ಮಾಡಿದೆ. ಗಾಜಿನ ಮೇಲೆ ಮರಳು ಕಾಗದ ಹಾಸಿ, ಎರಡೂ ಮುಖವನ್ನು ಎಂಟರ ಆಕಾರದಲ್ಲಿ ಉಜ್ಜಿದೆ. ಮೇಲೆ ಬಳಿದಿದ್ದ ಮಾರ್ಕರಿನ ನೀಲಿ ಪೂರ್ತಿ ಅಳಿಯುವವರೆಗೂ. ಆಮೇಲೆ ಕೊಳವೆಗೆ ಬಾಯಿಟ್ಟು ಊದಿದೆ. ತಿರುಗಿತು! ಬಾಯಿಗೆ ಒಂದಿಷ್ಟು ಎಣ್ಣೆಯೂ ಬಂತು.

ಒಂದು ತಪ್ಪು ಮಾತ್ರ ಒಪ್ಪಿಕೊಳ್ಳುತ್ತೇನೆ. ಪಿಸ್ಟನ್ನಿಗೆ ಮಾಮೂಲಿ ನೈಟ್ರೈಲ್ ರಬ್ಬರಿನ ಓ ರಿಂಗ್ ಹಾಕಿದ್ದೆ. ಗಾಳಿಯಲ್ಲಿ ಚೆನ್ನಾಗಿ ಓಡಿತು. 3 ಬಾರ್ ಒತ್ತಡದ ಸ್ಟೀಮ್ ಅಂದರೆ ಸುಮಾರು 143 ಡಿಗ್ರಿ ಸೆಲ್ಸಿಯಸ್. ಕೆಲವು ಸಲ ಓಡಿಸುವಷ್ಟರಲ್ಲಿ ರಿಂಗ್ ಬಳೆಚೂರಿನ ಹಾಗೆ ಪಟ್ಟಂತ ಮುರಿಯಿತು. ಈಗ ಬಿಸಿ ತಡೆಯುವ ವೈಟನ್ ರಬ್ಬರಿನ ರಿಂಗ್.

ಮೂರನೇ ಸಿಲಿಂಡರ್: ಬಾಯಿಂದ ಊದುವುದಕ್ಕೆ ಪೀಪಿ ಅಂತಾರೆ. ತೂಗಾಡುವುದು ಆಟಿಕೆ, ಎಂಜಿನ್ ಅಲ್ಲ.

ತೂಗುಸಿಲಿಂಡರ್: ಆಟಿಕೆಯಾ? 1858ರಲ್ಲಿ ನೀರಿಗಿಳಿದ ಗ್ರೇಟ್ ಈಸ್ಟರ್ನ್ ಹಡಗಿನ ಪ್ಯಾಡಲ್ ಎಂಜಿನ್ ತೂಗಾಡುವ ಸಿಲಿಂಡರಿನದೇ. 74 ಇಂಚು ಬೋರ್, 14 ಅಡಿ ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ನಿಮ್ಮ 19 ಮಿಮೀ ಎಲ್ಲಿಟ್ಟಿರಿ?

ಕೆಂಡದ ತಾಮ್ರ: ನೀವಿಬ್ಬರೂ ಗಾಳಿಯಲ್ಲಿ ತಿರುಗಿಸಿ ಜಗಳವಾಡಿ. ಸ್ಟೀಮ್ ಎಂಜಿನ್ ಅಂದಮೇಲೆ ಬಾಯ್ಲರ್ ಬೇಡವಾ? ನಾನು ಮಾಡಿದ್ದೇನೆ. 75 ಮಿಮೀ ತಾಮ್ರದ ಕೊಳವೆ, ಎರಡು ಮುಚ್ಚಳ, ನಡುವೆ ಅವೆರಡನ್ನೂ ಹಿಡಿದಿಡುವ ಒಂದು ಸ್ಟೇ (ಕಂಬಿ).

ಮುಚ್ಚಳದ ಅಂಚು ಬಗ್ಗಿಸುವಾಗ ತಾಮ್ರ ನಾಲ್ಕು ಏಟಿಗೇ ಬಿಗಿಯಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು, ಆಗ ಮೆತ್ತಗಾಗುತ್ತದೆ. ಒಂದೊಂದು ಮುಚ್ಚಳಕ್ಕೆ ಆರು ಸಲ ಕಾಯಿಸಿದೆ. ಆಮೇಲೆ ಬೆಳ್ಳಿ ಬೆಸುಗೆ. ನನ್ನ ಟಾರ್ಚ್ ಚಿಕ್ಕದು. ಬಿಸಿ ತಾಗಿಸಿದಲ್ಲಿ ನಿಲ್ಲದೆ ಇಡೀ ತಾಮ್ರಕ್ಕೆ ಹರಿದುಹೋಯಿತು. ಇಪ್ಪತ್ತು ನಿಮಿಷ ಕಾಯಿಸಿದೆ. ಬೆಸುಗೆ ಹರಿಯಲು ಹಚ್ಚಿದ ಫ್ಲಕ್ಸ್ ಸತ್ತು ಕಪ್ಪು ಗಾಜಿನ ಹಾಗಾಯಿತು. ಬೆಸುಗೆ ಹರಿಯದೆ ಉಂಡೆ ಉಂಡೆಯಾಗಿ ಉರುಳಿತು. ಬೆಳ್ಳಿ ಬೆಸುಗೆಯ ಬೆಲೆ ಗೊತ್ತಿರುವವರಿಗೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ರಾತ್ರಿಯಿಡೀ ಸಿಟ್ರಿಕ್ ಆಸಿಡ್ಡಿನಲ್ಲಿ ನೆನೆಹಾಕಿ, ದೊಡ್ಡ ಬರ್ನರ್ ತಂದು, ಸುತ್ತ ಶಾಖ ತಡೆಯುವ ಇಟ್ಟಿಗೆ ಇಟ್ಟು ಮತ್ತೆ ಶುರು ಮಾಡಿದೆ.

ಓಡಿಸುವುದು 3 ಬಾರ್ ಒತ್ತಡಕ್ಕೆ, ಅದಕ್ಕೇ ನೀರು ತುಂಬಿ 6ಕ್ಕೆ ಪರೀಕ್ಷೆ. 4.5ಕ್ಕೆ ಬುಷ್ (ಕೊಳವೆ, ವಾಲ್ವ್ ಸಿಕ್ಕಿಸುವ ಬಳೆ) ಪಕ್ಕ ಒಂದು ಹನಿ, ಸಾಸಿವೆ ಕಾಳಿನಷ್ಟು. ಒರೆಸಿದೆ, ಮತ್ತೆ ಬಂತು. ಅದನ್ನು ಬೆಸೆಯಲು ಕಾಯಿಸಿದರೆ ಪಕ್ಕದ ಜೋಡಣೆ ಬಿಟ್ಟಿತು. ನಾಲ್ಕನೇ ಸಲಕ್ಕೆ ನಿಂತಿತು. ಬುಷ್ ಕಂಚಿನದೇ ಇರಲಿ. ಹಿತ್ತಾಳೆಯಾದರೆ ಬಿಸಿನೀರಿನಲ್ಲಿ ಸತು ಕರಗಿಹೋಗಿ ಟೊಳ್ಳಾಗುತ್ತದೆ.

ಆತುರಗಾರ: ಇಷ್ಟೆಲ್ಲಾ ಯಾಕೆ? ನಾನು ಸೈಕಲ್ ಪಂಪಿನಿಂದ ಗಾಳಿ ತುಂಬಿ ಸೋಪು ನೀರು ಸವರಿ ನೋಡಿದೆ. ಏನೂ ಆಗಲಿಲ್ಲ.

ಕೆಂಡದ ತಾಮ್ರ: ಆಗಲಿಲ್ಲ ಅನ್ನುವುದು ನಿಮ್ಮ ಪುಣ್ಯ. ನೀರು ಕುಗ್ಗುವುದೇ ಇಲ್ಲ ಅನ್ನಬಹುದು. ಬಾಯ್ಲರ್ ಬಿರಿದರೆ ನೀರು ಚಿಮ್ಮಿ ಒತ್ತಡ ಅಲ್ಲಿಗೇ ಇಳಿಯುತ್ತದೆ. ಒತ್ತಿ ತುಂಬಿದ ಗಾಳಿ ಹಾಗಲ್ಲ, ಬಿರಿದರೆ ಮುಚ್ಚಳ ಹಾರಿ ಮುಖಕ್ಕೇ ಬರುತ್ತದೆ. ಹೊಸಬರು ಓದುವ ಕಡೆ ಇಂಥದ್ದು ಬರೆಯಬೇಡಿ.

ಆತುರಗಾರ: ಸರಿ ಟೀಚರ್.

ಕೆಂಡದ ತಾಮ್ರ: ಸೇಫ್ಟಿ ವಾಲ್ವ್ ಆದರೂ ಹಾಕಿದ್ದೀರಾ?

ಆತುರಗಾರ: ಇನ್ನೂ ಇಲ್ಲ.

ಏಳು ಬಿಎ: ನಡುವೆ ಬಾಯಿ ಹಾಕುತ್ತೇನೆ. ಯಾರೂ ಸ್ಕ್ರೂ ಥ್ರೆಡ್ಡಿನ ಮಾತೇ ಎತ್ತಲಿಲ್ಲ. ಮಾದರಿ ಎಂಜಿನ್ನಿಗೆ ಬಿಎ (ಬ್ರಿಟಿಷ್ ಅಸೋಸಿಯೇಷನ್ ಅನ್ನುವ ಹಳೆಯ ಅಳತೆ) ಥ್ರೆಡ್ಡೇ ಬೇಕು. ನಟ್ಟಿನ ತಲೆ ಚಿಕ್ಕದು, ನೋಡಲು ಅಳತೆಗೆ ಸರಿಯಾಗಿರುತ್ತದೆ. ಮೆಟ್ರಿಕ್ ನಟ್ ಹಾಕಿದರೆ ಕೂಸಿಗೆ ಅಪ್ಪನ ಬೂಟು ತೊಡಿಸಿದ ಹಾಗೆ.

ತೂಗುಸಿಲಿಂಡರ್: ನಿಮ್ಮಂಥವರ ಮಾತು ಕೇಳಿಯೇ ಒಂದು ಡಬ್ಬಿ 7 ಬಿಎ ನಟ್ ತಂದೆ. ಅಳತೆ 2.5 ಮಿಮೀ, ಮೆಟ್ರಿಕ್ ಎಂ2.5 ಸ್ಟಡ್ಡಿಗೆ ಆಗುತ್ತದೆ ಅಂದುಕೊಂಡೆ. ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಅದರ ಪಿಚ್ (ಥ್ರೆಡ್ಡಿನ ಒಂದು ಸುತ್ತಿನ ಅಂತರ) 0.48 ಮಿಮೀ, ಇದರದು 0.45. ಸ್ಟಡ್ ಮುರಿಯಿತು. ಆ ಡಬ್ಬಿ ಇವತ್ತಿಗೂ ಹಾಗೇ ಬಿದ್ದಿದೆ.

ಏಳು ಬಿಎ: ಅದು ಥ್ರೆಡ್ಡಿನ ತಪ್ಪಲ್ಲ. ಅಳೆಯದೆ ತಿರುಗಿಸಿದವರದು.

ಮೂರನೇ ಸಿಲಿಂಡರ್: ಮುರಿಯುವುದಕ್ಕೆ ಬಿಎ ಆದರೇನು, ಮೆಟ್ರಿಕ್ ಆದರೇನು. ಎಂ2 ಟ್ಯಾಪ್ ಐದು ಮುರಿದಿದ್ದೇನೆ. ಹಿತ್ತಾಳೆಯಲ್ಲಿ ಮುರಿದರೆ ಪಟಿಕದ ನೀರಿನಲ್ಲಿ ಕುದಿಸಿ. ಉಕ್ಕು ಕರಗುತ್ತದೆ, ಹಿತ್ತಾಳೆಗೆ ಏನೂ ಆಗುವುದಿಲ್ಲ. ಎರಕದ ಕಬ್ಬಿಣದಲ್ಲಿ ಮುರಿದರೆ ಮಾತ್ರ ಆ ದಾರಿಯೂ ಇಲ್ಲ. ನನ್ನದು ನಾಲ್ಕು ಮುರಿದಿದ್ದು ಕಬ್ಬಿಣದಲ್ಲೇ.

ತೂಗುಸಿಲಿಂಡರ್: ಅದಕ್ಕೇ ಹೇಳಿದ್ದು, ಹಿತ್ತಾಳೆ ಅಂತ.

ಹೊಸಬ: ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ಹತ್ತಿರ ಮಿಲ್ಲಿಂಗ್ ಯಂತ್ರ ಇಲ್ಲ ಅಂದಿದ್ದೆ. ಅದಿಲ್ಲದೆ ಸ್ಲೈಡ್ ವಾಲ್ವಿನ ಪೋರ್ಟ್ ಕೊರೆಯುವುದು ಹೇಗೆ?

ಮೂರನೇ ಸಿಲಿಂಡರ್: ಸಾಲಾಗಿ ತೂತು ಕೊರೆದು, ಪುಟ್ಟ ಉಳಿಯಲ್ಲಿ ನಡುವಿನದನ್ನು ತೆಗೆಯಿರಿ. ನನ್ನ ಎರಡನೇ ಸಿಲಿಂಡರ್ ಹಾಗೇ ಹಾಳಾಗಿದ್ದು.

ಆತುರಗಾರ: ವರ್ಟಿಕಲ್ ಸ್ಲೈಡ್ ತಂದಿದ್ದೆ ಅಂದಿರಲ್ಲ, ಅದಕ್ಕೆ ಕಟ್ಟಿ ಲೇತಿನಲ್ಲೇ ಕೊರೆಯಬಹುದಿತ್ತಲ್ಲ?

ಮೂರನೇ ಸಿಲಿಂಡರ್: ಅದನ್ನು ಆಮೇಲೆ ತಂದಿದ್ದು. ಸೇಫ್ಟಿ ವಾಲ್ವ್ ಇಲ್ಲದವರು ಬುದ್ಧಿ ಹೇಳುವುದು ಬೇಡ.

ಹೊಸಬ: ಮೂರು ವಾರವಾಯಿತು. ಹಿತ್ತಾಳೆ ಕಂಬಿ ತಂದು ತೂಗಾಡುವ ಎಂಜಿನ್ನೇ ಶುರು ಮಾಡಿದೆ. ಸಿಲಿಂಡರಿನ ಪಿವಟ್ಟಿಗೆ ಥ್ರೆಡ್ ಹಾಕುವಾಗ ಎಂ3 ಟ್ಯಾಪ್ ಒಳಗೇ ಮುರಿದುಕೊಂಡಿದೆ. ಪಟಿಕ ಎಷ್ಟು ಹೊತ್ತು ಕುದಿಸಬೇಕು?

ತೂಗುಸಿಲಿಂಡರ್: ಗಂಟೆಗಟ್ಟಲೆ. ಟ್ಯಾಪ್ ಕಪ್ಪಾಗಿ ಪುಡಿ ಉದುರಬೇಕು.

ಮೂರನೇ ಸಿಲಿಂಡರ್: ಗಾಜಿನ ಪಾತ್ರೆ ತೆಗೆದುಕೊಳ್ಳಿ. ಕಬ್ಬಿಣದ್ದರಲ್ಲಿ ಇಟ್ಟರೆ ಟ್ಯಾಪಿನ ಜೊತೆ ಪಾತ್ರೆಯೂ ಕರಗಲು ಶುರುವಾಗುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.