ಮೇಣದ ಚಿತ್ರ ಆರಿದ ಮೇಲೆ ಬಿರುಕು ಬಿಡುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಕಾಫಿಹೂವು (ಚಿಕ್ಕಮಗಳೂರು):
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಎನ್‌ಕಾಸ್ಟಿಕ್ ಹುಚ್ಚು ಹಿಡಿದಿದೆ. ಜೇನುಮೇಣ ಕರಗಿಸಿ, ಬಣ್ಣ ಸೇರಿಸಿ, ಬಿಸಿ ಇರುವಾಗಲೇ ಚಿತ್ರ ಮಾಡುವುದು. ನನ್ನವು ಪೋಸ್ಟ್‌ಕಾರ್ಡ್ ಅಳತೆಯವು. ಗುಡ್ಡ, ಮರ, ಮನೆ ಏನೂ ಇರುವುದಿಲ್ಲ, ಬರೀ ಬಣ್ಣ ಮತ್ತು ಗೆರೆ. ಮನೆಯವರು ಮಾತ್ರ ಯಾವುದನ್ನು ತೋರಿಸಿದರೂ "ಮಂಜಿನಲ್ಲಿ ಮುಳ್ಳಯ್ಯನಗಿರಿ, ಅಲ್ವಾ?" ಅನ್ನುತ್ತಾರೆ.

ಮೂಡಿಗೆರೆ ಹತ್ತಿರ ಅಣ್ಣನ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ, ಮೇಣ ಅಲ್ಲಿಂದ. ಅದನ್ನು ಸ್ಟೀಲ್ ಲೋಟಕ್ಕೆ ಹಾಕಿ, ಲೋಟವನ್ನು ಕುದಿಯುವ ನೀರಿನಲ್ಲಿಟ್ಟು ಕರಗಿಸಿ, ಟ್ಯೂಬಿನ ಆಯಿಲ್ ಕಲರ್ ಸ್ವಲ್ಪ ಕಲಸಿ, ಮಗಳ ಡ್ರಾಯಿಂಗ್ ಶೀಟ್ ಮೇಲೆ ಬ್ರಷ್‌ನಿಂದ ನಾಲ್ಕೈದು ಪದರ ಹಚ್ಚಿ, ಕೊನೆಗೆ ಹಳೇ ಇಸ್ತ್ರಿ ಪೆಟ್ಟಿಗೆಯನ್ನು ಮೇಲೆ ಒಂದು ಸಲ ಎಳೆಯುತ್ತೇನೆ. ಆ ದಿನ ಚೆನ್ನಾಗಿಯೇ ಇರುತ್ತದೆ. ಮಾರನೇ ದಿನ ಕೈಗೆತ್ತಿಕೊಂಡರೆ ಬಿರುಕು. ಮೂಲೆಯಲ್ಲಿ ಚಕ್ಕೆ ಏಳುತ್ತದೆ. ಹಿಂದುಗಡೆ ಎಣ್ಣೆ ಕಲೆ ಬೇರೆ. ನೀಲಿ ಹಚ್ಚಿದರೆ ಹಸಿರು ಕಾಣಿಸುತ್ತದೆ. ಮೇಣವೇ ಸರಿ ಇಲ್ವಾ? ಪ್ಯಾರಾಫಿನ್ ತರಲಾ?

ಹಳೇಕುಂಚ (ಹಾಸನ):
ಪ್ಯಾರಾಫಿನ್ ತರಬೇಡಿ, ಅದು ಇನ್ನೂ ಬೇಗ ಒಡೆಯುತ್ತದೆ. ನಿಮ್ಮ ಮೇಣ ಸರಿಯಾಗಿಯೇ ಇದೆ. ಕಾಗದ ತೆಳು, ಮೇಣ ದಪ್ಪ, ಅಷ್ಟೇ ತೊಂದರೆ.

ಈಜಿಪ್ಟಿನ ಫಯೂಮ್ ಮುಖಚಿತ್ರಗಳನ್ನು ನೋಡಿರಬಹುದು. ಅವುಗಳಲ್ಲಿ ಎಷ್ಟೋ ಮೇಣದಲ್ಲೇ ಮಾಡಿದವು, ಸುಮಾರು 1ರಿಂದ 3ನೇ ಶತಮಾನದವು, ಇವತ್ತಿಗೂ ಬಣ್ಣ ಹಸಿಯಾಗಿದೆ ಅನ್ನಿಸುತ್ತದೆ. ಆದರೆ ಅವು ಹೆಚ್ಚಾಗಿ ಮರದ ಹಲಗೆ ಮೇಲಿವೆ. ಹಲಗೆಯನ್ನು ಯಾರೂ ಹಿಡಿದು ಬಗ್ಗಿಸುವುದಿಲ್ಲ. ಡ್ರಾಯಿಂಗ್ ಶೀಟ್ ಎತ್ತಿಕೊಂಡ ಕೂಡಲೇ ಬಗ್ಗುತ್ತದೆ, ಮೇಲಿನ ಮೇಣ ಬಗ್ಗುವುದಿಲ್ಲ.

ಇನ್ನೊಂದು. ನಾಲ್ಕು ಪದರ ಹಚ್ಚಿ ಕೊನೆಗೆ ಒಂದು ಸಲ ಬಿಸಿ ತೋರಿಸಿದರೆ ಆಗುವುದಿಲ್ಲ. ಪ್ರತಿ ಪದರ ಹಚ್ಚಿದ ಮೇಲೂ ಬಿಸಿ ಕೊಟ್ಟು ಕೆಳಗಿನದಕ್ಕೆ ಬೆಸೆಯಬೇಕು. ಎನ್‌ಕಾಸ್ಟಿಕ್ ಅನ್ನುವ ಗ್ರೀಕ್ ಮೂಲದ ಹೆಸರಿನ ಅರ್ಥವೇ ಸುಟ್ಟು ಕೂರಿಸುವುದು ಅಂತ. ಇಲ್ಲದಿದ್ದರೆ ಒಂದರ ಮೇಲೊಂದು ಹಪ್ಪಳ ಇಟ್ಟ ಹಾಗೆ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ದಪ್ಪ ಜಲವರ್ಣ ಕಾಗದ ತನ್ನಿ. ಅದನ್ನು ಕೆಳಗಿನಿಂದ ಬೆಚ್ಚಗೆ ಮಾಡಿಕೊಂಡು ಹಚ್ಚಿದರೆ ಮೇಣ ನಾರಿನೊಳಗೆ ಇಳಿಯುತ್ತದೆ. ಒಳಗೆ ಇಳಿದ ಮೇಣ ಚಕ್ಕೆ ಏಳುವುದಿಲ್ಲ. ಕಲಾವಿದ ಜಾಸ್ಪರ್ ಜಾನ್ಸ್ 1954-55ರಲ್ಲಿ ಮಾಡಿದ ಅಮೆರಿಕದ ಬಾವುಟದ ಚಿತ್ರದಲ್ಲಿ ಮೇಣದ ಬಣ್ಣದ ಜೊತೆ ಇರುವುದು ನ್ಯೂಸ್‌ಪೇಪರ್ ಚೂರುಗಳೇ. ಆದರೆ ಅವನ್ನೂ ಕೊನೆಗೆ ಪ್ಲೈವುಡ್ ಮೇಲೆ ಕೂರಿಸಿದ್ದಾರೆ. ನೀವೂ ಮುಗಿದ ಚಿತ್ರವನ್ನು ಗಟ್ಟಿ ರಟ್ಟಿಗೆ ಅಂಟಿಸಿ.

ಎಣ್ಣೆ ಕಲೆಗೆ: ಟ್ಯೂಬಿನ ಬಣ್ಣವನ್ನು ರಾತ್ರಿ ಪೇಪರ್ ಮೇಲೆ ಹಿಂಡಿಡಿ. ಬೆಳಗ್ಗೆ ಹೊತ್ತಿಗೆ ಎಣ್ಣೆ ಹೀರಿಕೊಂಡಿರುತ್ತದೆ.

ಮಳೆಹುಳ (ಕೊಪ್ಪ):
ಮಾರಾಯ್ರೇ, ಇಷ್ಟೆಲ್ಲ ಯಾಕೆ? ಚಿಕ್ಕ ಚಿತ್ರಕ್ಕೆ ಬ್ರಷ್ಷೇ ಬೇಡ. ಮೇಣ ಹೀರದ ನುಣುಪು ಕಾರ್ಡ್ ತಗೊಳ್ಳಿ, ಮದುವೆ ಕರೆಯೋಲೆಯ ಖಾಲಿ ಬದಿಯಾದರೂ ಸಾಕು, ನಮ್ಮ ಮನೆಯಲ್ಲಂತೂ ರಾಶಿ ಬಿದ್ದಿದೆ. ಬಣ್ಣದ ಮೇಣವನ್ನು ಇಸ್ತ್ರಿ ಪೆಟ್ಟಿಗೆಯ ತಳಕ್ಕೇ ಸವರಿ ಕಾರ್ಡ್ ಮೇಲೆ ಆಡಿಸಿ. ಎಳೆದರೆ ಆಕಾಶದ ಹಾಗೆ ತೆಳುವಾಗಿ ಹರಡುತ್ತದೆ. ಪೆಟ್ಟಿಗೆಯ ಅಂಚು ತಾಗಿಸಿದರೆ ಹುಲ್ಲಿನ ಹಾಗೆ ಗೆರೆ. ಒತ್ತಿ ನೇರ ಮೇಲಕ್ಕೆ ಎತ್ತಿದರೆ, ಆಹಾ, ಅದೇ ಮಜಾ. ಗಾಳಿ ಒಳಗೆ ನುಗ್ಗಿ ಎಲೆಯ ನರದ ಹಾಗೆ ಕವಲು ಕವಲಾಗಿ ಮೂಡುತ್ತದೆ. ಎರಡು ಸಲ ಒಂದೇ ಥರ ಬಂದದ್ದು ನಾನು ಕಂಡಿಲ್ಲ.

ಸ್ಟೀಮ್ ತೂತು ಇರುವ ಪೆಟ್ಟಿಗೆ ಬೇಡ, ತೂತಿನ ಗುರುತು ಬೀಳುತ್ತದೆ. ಹಳೇ ಭಾರದ್ದು ಇದ್ದರೆ ಕಾಯಿಸಿ, ಸ್ವಿಚ್ ಆರಿಸಿ ಕೆಲಸ ಮಾಡಿ. ಮೇಣ ಸುಮಾರು 63 ಡಿಗ್ರಿಗೇ ಕರಗುತ್ತದೆ, ಹೊಗೆ ಬಂತು ಅಂದರೆ ಜಾಸ್ತಿ ಆಯ್ತು ಅಂತ ಅರ್ಥ. ಆ ಹೊಗೆ ಕುಡಿಯಬೇಡಿ, ಕಿಟಕಿ ತೆಗೆದಿಡಿ. ಮಳೆ ಬಂದರೂ ತೆಗೆದಿಡಿ.

ಬಣ್ಣ ಎರಡು, ಹೆಚ್ಚೆಂದರೆ ಮೂರು. ನಾಲ್ಕನೆಯದು ಹಾಕಿದರೆ ಗದ್ದೆ ಕೆಸರು.

ಹಳೇಕುಂಚ:
ಕರೆಯೋಲೆ ಐಡಿಯಾ ಒಪ್ಪಿದೆ. ಆದರೆ ಅದರ ಮೇಲೂ ಮೇಣ ತೆಳುವಾಗಿಯೇ ಇರಬೇಕು, ಮತ್ತೆ ಉಗುರು ತಾಗಿದರೆ ಗೀರು ಬೀಳುತ್ತದೆ. ಬ್ರಷ್‌ನಲ್ಲಿ ಪದರ ಹಚ್ಚುವುದು, ಇಸ್ತ್ರಿ ಪೆಟ್ಟಿಗೆಯಲ್ಲಿ ಎಳೆಯುವುದು, ಈ ಎರಡು ದಾರಿಯನ್ನೂ ಬೆರೆಸಿದ್ದೇ ಪ್ರಶ್ನೆ ಕೇಳಿದವರ ಎಡವಟ್ಟು.

ಕಾಫಿಹೂವು:
ಅಯ್ಯೋ, ಹೌದು! ಇನ್ನೊಂದು ಡೌಟು. ಮೇಣ ಗಟ್ಟಿಯಾಗಲು ಡಾಮರ್ ಅನ್ನುವ ರಾಳ ಸೇರಿಸುತ್ತಾರಂತೆ. ಅಂಗಡಿಯಲ್ಲಿ ಡಾಮರ್ ಇದೆಯಾ ಅಂತ ಕೇಳಿದೆ, ರಸ್ತೆ ಹಾಕಿಸ್ತೀರಾ ಮೇಡಂ ಅಂದರು.

ತುಡುವೆ (ಸಕಲೇಶಪುರ):
ನಗು ಬಂತು ಅಕ್ಕ. ಅದು ಮರದ ರಾಳ, ಆನ್‌ಲೈನ್‌ನಲ್ಲಿ ಸಿಗುತ್ತದೆ. ತೂಕದಲ್ಲಿ ಎಂಟು ಪಾಲು ಮೇಣಕ್ಕೆ ಒಂದು ಪಾಲು ಅಂತ ಸಾಮಾನ್ಯ ಲೆಕ್ಕ. ಆದರೆ ಕುದಿಯುವ ನೀರಿನ ಶಾಖಕ್ಕೆ ಅದು ಸರಿಯಾಗಿ ಕರಗುವುದಿಲ್ಲ, ಹಾಗಂತ ಗ್ಯಾಸ್ ಉರಿ ಮೇಲೆ ನೇರ ಇಡುವುದೂ ಅಪಾಯ. ಅಪ್ಪಿತಪ್ಪಿ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು. ನಿಮ್ಮ ಅಳತೆಗೆ ರಾಳ ಬೇಡವೇ ಬೇಡ. ಜಾಸ್ತಿಯಾದರೆ ಅದರಿಂದಲೂ ಬಿರುಕು ಬರುತ್ತದೆ.

ನೀಲಿ ಹಸಿರಾಗುವುದು ಮೇಣದ ಹಳದಿಯಿಂದ. ಎರಿಯನ್ನು ನೀರಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮೇಲೆ ತೇಲಿ ಗಟ್ಟಿಯಾದ ಬಿಲ್ಲೆ ತೆಗೆಯಿರಿ. ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ಕಪ್ಪಾಗುತ್ತದೆ, ನಿಮ್ಮ ಸ್ಟೀಲೇ ಸರಿ. ಆ ಬಿಲ್ಲೆಯನ್ನು ತುರಿಮಣೆಯಲ್ಲಿ ತೆಳ್ಳಗೆ ತುರಿದು ಬಿಸಿಲಿಗೆ ಹರಡಿದರೆ ನಿಧಾನವಾಗಿ ಬಿಳಿಯಾಗುತ್ತದೆ. ನಮ್ಮ ಕಡೆ ಜೂನ್ ಬಂದರೆ ಆ ಆಸೆ ಬಿಡಿ, ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಿ.

ಕಾಫಿಹೂವು:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ದಪ್ಪ ಕಾಗದ ತರಿಸಿದೆ. ಮಳೆಗೆ ಅದೂ ತಣ್ಣಗೆ ಮೆತ್ತಗಿತ್ತು, ಹಳೇ ಕಾವಲಿ ಮೇಲೆ ಬೆಚ್ಚಗೆ ಒಣಗಿಸಿಕೊಂಡು ಹಚ್ಚಿದೆ. (ಆ ಕಾವಲಿ ಇನ್ನು ಮುಂದೆ ದೋಸೆಗಿಲ್ಲ ಅಂತ ಅತ್ತೆಗೆ ಹೇಳಿ ಬೈಸಿಕೊಂಡಿದ್ದೂ ಆಯ್ತು.) ಎರಡೇ ಪದರ, ಎರಡಕ್ಕೂ ಬಿಸಿ ಕೊಟ್ಟೆ. ಆರು ಚಿತ್ರದಲ್ಲಿ ಐದಕ್ಕೆ ಬಿರುಕಿಲ್ಲ. ಆರನೆಯದರಲ್ಲಿ ಆಸೆಪಟ್ಟು ಮೂಲೆಗೆ ದಪ್ಪಗೆ ಬಿಳಿ ಹಾಕಿದ್ದೆ, ಅಲ್ಲಿಯೇ ಎದ್ದಿದೆ.

ಕರೆಯೋಲೆ ಮೇಲೂ ಮಾಡಿದೆ. ಹಿಂದಿನ ಅಚ್ಚಿನ ಗಣಪತಿ ಮಸುಕಾಗಿ ಈ ಕಡೆ ಕಾಣುತ್ತಾನೆ, ಹಾಗೇ ಬಿಟ್ಟಿದ್ದೇನೆ. ಈಗ ಎಲ್ಲದರ ಮೇಲೂ ತೆಳ್ಳಗೆ ಬೂದಿ ಹಾರಿದ ಹಾಗೆ ಬಿಳಿ ಕೂತಿದೆ. ಬೂಷ್ಟಾ?

ತುಡುವೆ:
ಬೂಷ್ಟಲ್ಲ ಅಕ್ಕ, ಜೇನುಮೇಣ ತಣ್ಣಗಿದ್ದರೆ ಹಾಗೆ ಬಿಳಿ ಬಿಡುತ್ತದೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ, ಹೊಳಪೂ ಬರುತ್ತದೆ. ಕಾರಿನಲ್ಲಿ ಮಾತ್ರ ಬಿಟ್ಟು ಹೋಗಬೇಡಿ. ನನ್ನ ನಾಲ್ಕು ಚಿತ್ರ ಅರಸೀಕೆರೆ ಬಿಸಿಲಿಗೆ ಒಂದಕ್ಕೊಂದು ಅಂಟಿ ಈಗ ಒಂದೇ ಚಿತ್ರ ಆಗಿವೆ.